ಮಣ್ಣಲ್ಲಿ ಉಳಿದ ಬುಡ

ಅಕ್ಕ ತಂದ ಬುಟ್ಟಿಗೆ ತಂಗಿ ಕೈ ಹಾಕಿ ತಡಕುವಂತಿರಲಿಲ್ಲ. ಅಪ್ಪನ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಕಟ್ಟಳೆ ಅದು. ಕಾಡಿಗೆ ಹೋಗಿ ಅಣಬೆ ಕಿತ್ತವರೇ ಅದಕ್ಕೆ ಹೊಣೆ. ಒಲೆ ಮುಂದೆ ನಿಂತವರು ತೊಳೆಯಬೇಕು, ಹೆಚ್ಚಬೇಕು, ಬೇಯಿಸಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಇದು ಸರಿಯಾದದ್ದೇ ತಾನೇ ಎಂದು ಒಂದೇ ಒಂದು ಅಣಬೆಯನ್ನು ಮಗುಚಿ ನೋಡಿದರೂ ಕಿತ್ತವರ ಮುಖಕ್ಕೆ ಉಗಿದ ಹಾಗೆ. ಒಮ್ಮೆ ಚಿಕ್ಕಪ್ಪ ನಗುನಗುತ್ತಲೇ ಅಪ್ಪನ ಬುಟ್ಟಿಯನ್ನು ಚಾಪೆಯ ಮೇಲೆ ಸುರಿದು ಆರಿಸಲು ಕೂತ. ಅಷ್ಟಕ್ಕೇ ಅಣ್ಣತಮ್ಮಂದಿರು ಸಾಯುವವರೆಗೂ ಮಾತು ಬಿಟ್ಟರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮುನಿಸೇ ಎಂದು ಕೇಳುವವರು ಕಾಡಿನ ಅಣಬೆ ತಿಂದು ಬದುಕಿದವರಲ್ಲ. ಆ ತಿನಿಸಿಗೆ ಉಪ್ಪು ಖಾರ ಬೀಳುವ ಮೊದಲು ನಂಬಿಕೆ ಬೀಳಬೇಕು. ತಪ್ಪು ಅಣಬೆ ತಿಂದವರು ಅವತ್ತು ಚೆನ್ನಾಗಿಯೇ ಇರುತ್ತಾರೆ. ಬಾಯಿ ಚಪ್ಪರಿಸಿ ಇನ್ನಷ್ಟು ಬಡಿಸಿಕೊಳ್ಳುತ್ತಾರೆ ಕೂಡ. ಗೊತ್ತಾಗುವುದು ಮರುದಿನ, ಆಗ ಎಷ್ಟೋ ಸಲ ವೈದ್ಯರ ಕೈಯೂ ಮೀರಿರುತ್ತದೆ.

ತಂಗಿಯನ್ನು ಹುಟ್ಟಿದಾಗ ಅಂಗೈಯಷ್ಟೇ ಇದ್ದಳೆಂದು ಚಿನ್ನಿ ಎಂದು ಕರೆದರು. ಈಗ ಅರ್ಧ ತಲೆ ನರೆತಿದೆ, ಮೈ ಕೈ ತುಂಬಿಕೊಂಡು ಬಾಗಿಲಲ್ಲಿ ನಿಂತರೆ ಬೆಳಕೇ ಬರುವುದಿಲ್ಲ, ಆದರೂ ಚಿನ್ನಿಯೇ. ಕಾಡಿನ ಅಂಚಿನಲ್ಲಿದ್ದ ಮರ ಕೊಯ್ಯುವ ಮಿಲ್ಲಿನ ಎದುರಿಗೆ ಅವಳದೊಂದು ಊಟದ ಅಂಗಡಿ. ಮುಂದೆ ಬೆಂಚುಗಳು, ಹಿಂದೆ ಅಡುಗೆಮನೆ, ಅದರ ಹಿಂದೆ ಇಬ್ಬರೂ ಮಲಗುವ ಕೋಣೆ. ಗಂಡ ತೀರಿಕೊಂಡಾಗ ಮಗಳು ಇನ್ನೂ ತೊಡೆಯ ಮೇಲಿನ ಕೂಸು. ಮದುವೆಯ ತಂಟೆಗೇ ಹೋಗದಿದ್ದ ಅಕ್ಕ ಅವತ್ತೇ ಗಂಟು ಮೂಟೆ ಕಟ್ಟಿಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಮಗಳಿಗೆ ಹೆತ್ತವಳು ಅಮ್ಮನಾದರೆ, ಎತ್ತಿ ಆಡಿಸಿದವಳು, ಹೊಡೆದವಳು, ಹೊಡೆದದ್ದಕ್ಕೆ ತಾನೇ ಅತ್ತವಳು ದೊಡ್ಡಮ್ಮ.

ಅಕ್ಕ ಕಾಡಿಗೆ, ತಂಗಿ ಒಲೆಗೆ. ಮಳೆ ಹಿಡಿದು ಬಿಟ್ಟ ಮೇಲೆ ಮಿಲ್ಲಿನವರು ಕೆಲಸಕ್ಕೆ ಬರುವ ಮೊದಲೇ ಅಂಗಡಿಯಲ್ಲಿ ಇಣುಕುತ್ತಿದ್ದರು. "ಏನಮ್ಮಾ, ಇವತ್ತು ಕಾಡು ಏನಾದ್ರೂ ಕೊಡ್ತಾ?" ಎಂದು ಕೇಳಿದರೆ ಚಿನ್ನಿ ಅಕ್ಕನ ಕಡೆ ಗದ್ದ ಎತ್ತಿ ತೋರಿಸುವಳು. "ಕೊಡೋದು ಕಾಡಲ್ಲ ಕಣ್ರಪ್ಪಾ, ನಾನು. ಕಾಡು ಎರಡನ್ನೂ ಕೊಡುತ್ತೆ," ಎನ್ನುವಳು ಅಕ್ಕ. ಅವಳ ಮಾತಿನಲ್ಲಿ ಜಂಬವಿತ್ತು, ಇರಲಿ ಬಿಡಿ. ಜಂಬ ಪಡುವಷ್ಟು ಅವಳಿಗೆ ಗೊತ್ತಿತ್ತು.

ಎರಡು ಎಂದರೆ ಇವು. ಹಳೆಯ ಮರಗಳ ಬುಡದಲ್ಲಿ, ಕೊಳೆತ ಎಲೆಯ ನಡುವೆ ಏಳುವ, ತಿನ್ನುವ ಬಿಳಿಗೊಡೆ ಒಂದು. ಅದೇ ಮರಗಳ ಕೆಳಗೆ, ಕೆಲವೊಮ್ಮೆ ಮಗ್ಗುಲಲ್ಲೇ ಏಳುವ ವಿಷದ ಬಟ್ಟಲುಬುಡ ಇನ್ನೊಂದು. ಟೋಪಿ ಒಂದೇ ಬಣ್ಣ, ಕುತ್ತಿಗೆಯ ಉಂಗುರ ಒಂದೇ ಥರ, ಮೂಸಿದರೂ ಭೇದವಿಲ್ಲ. ಗುಟ್ಟೆಲ್ಲ ಮಣ್ಣಿನೊಳಗೆ. ಬಿಳಿಗೊಡೆಯ ಬುಡ ಇಲಿಬಾಲದಂತೆ ಸಣ್ಣಗಾಗುತ್ತಾ ಕೆಳಗಿಳಿಯುತ್ತದೆ. ಇನ್ನೊಂದರದ್ದು ಹರಿದ ಚೀಲದಂಥ ಬಿಳಿ ಬಟ್ಟಲೊಳಗೆ ಕೂತಿರುತ್ತದೆ. ಅದಕ್ಕೇ ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ಮಂಡಿಯೂರಿ ಕೂರುವುದನ್ನೇ ಮೊದಲ ಪಾಠ ಮಾಡಿದ. ಕತ್ತರಿಸಬಾರದು, ಬೆರಳು ಇಳಿಸಿ ಮಣ್ಣು ಸಮೇತ ಎತ್ತಬೇಕು, ಬುಡ ನೋಡಬೇಕು, ಆಮೇಲೆ ಬುಟ್ಟಿ. ಮಣ್ಣು ಮೆತ್ತಿದ ಅಣಬೆ ತೊಳೆದು ತೊಳೆದು ಚಿನ್ನಿಯ ಬೆರಳು ನೆನೆದು ಸುಕ್ಕುಗಟ್ಟುತ್ತಿದ್ದದ್ದು ಅದರಿಂದಲೇ.

ಕಳೆದ ಮಳೆಗಾಲದಿಂದ ಬೆರಳು ಸುಕ್ಕುಗಟ್ಟುವುದು ನಿಂತಿತ್ತು. ಅಕ್ಕನ ಬುಟ್ಟಿಯಲ್ಲಿ ಬರುತ್ತಿದ್ದ ಅಣಬೆಗಳು ಅಷ್ಟು ಚೊಕ್ಕ. ಕಾಂಡ ಅಡ್ಡಡ್ಡ ಕೊಯ್ದು ನೀಟಾಗಿರುತ್ತಿತ್ತು, ಒಂದು ಕಾಳು ಮಣ್ಣಿಲ್ಲ. ಟೋಪಿಯ ನಡುವೆ ಮಾತ್ರ ಮೊಳೆ ಚುಚ್ಚಿದಂಥ ತೂತು.

"ಇದೇನಕ್ಕಾ ತೂತು?" ಎಂದು ಚಿನ್ನಿ ಒಮ್ಮೆ ಕೇಳಿದ್ದಳು.

"ಹಕ್ಕಿ ಕುಟುಕಿರುತ್ತೆ."

"ಎಲ್ಲದಕ್ಕೂ ನಡುವೇ ಕುಟುಕುತ್ತಾ? ಅಳತೆ ಪಟ್ಟಿ ಇಟ್ಕೊಂಡು ಬರುತ್ತಾ ಹಕ್ಕಿ?"

"ಮಣ್ಣಿಲ್ದೆ ತಂದ್ಕೊಟ್ರೂ ನಿಂಗೆ ಗೊಣಗಾಟ. ನಿನ್ನ ಕೈಗೆ ಕೆಲಸ ಕಮ್ಮಿ ಆಗ್ಲಿ ಅಂತ ಅಲ್ಲೇ ಕೊಯ್ತೀನಿ. ಬುಡ ಅಲ್ಲೇ ನೋಡಿರ್ತೀನಲ್ಲ."

ಚಿನ್ನಿ ಹೆಚ್ಚಲು ಕೂತಳು. ಕೆಲಸ ಕಡಿಮೆಯಾದದ್ದು ನಿಜ. ಮಧ್ಯಾಹ್ನದ ಗಡಿಬಿಡಿಗೆ ಮೊದಲು ಕಾಲು ಚಾಚಿ ಕೂರುವಷ್ಟು ಬಿಡುವೂ ಸಿಗುತ್ತಿತ್ತು. ಯಾರಿಗೆ ಬೇಡ? ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಆಡಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅಕ್ಕ ಕೈಯಿಂದ ಜಾರಿದ ಚಮಚವನ್ನು ಎತ್ತಿಕೊಳ್ಳದೆ, "ಚಿನ್ನೀ, ಚಮಚ ಬಿತ್ತು ನೋಡು," ಎನ್ನುತ್ತಿದ್ದಳು. ದಾರ ಕಟ್ಟುವ ಬೂಟು ಬಿಟ್ಟು ಕಾಲು ತೂರಿಸುವ ಚಪ್ಪಲಿಗೆ ಇಳಿದಿದ್ದಳು. "ಏನಕ್ಕಾ, ಮಹಾರಾಣಿ ಆಗ್ಬಿಟ್ಟೆ," ಎಂದು ಚಿನ್ನಿ ರೇಗಿಸಿದ್ದಳೇ ಹೊರತು ಅದರಾಚೆಗೆ ಹೋಗಿರಲಿಲ್ಲ.

ಆ ಬೆಳಿಗ್ಗೆ ಚಿನ್ನಿ ಮಗಳನ್ನು ಬಸ್ಸು ಹತ್ತಿಸಿ ಬರುತ್ತಿದ್ದಳು. ಮಗಳು ಪಟ್ಟಣದ ಮುದ್ರಣಾಲಯವೊಂದರಲ್ಲಿ ಪುಸ್ತಕ ಹೊಲಿಯುವ ಕೆಲಸದಲ್ಲಿದ್ದಳು. ಈ ಸಲ ರಜೆ ಹಾಕಿ ಬಂದು ನಾಲ್ಕು ದಿನ ಇದ್ದು ಹೊರಟಿದ್ದಳು. ಹೊರಡುವ ಮುನ್ನಾದಿನ ಸಂಜೆ ದೊಡ್ಡಮ್ಮ ಅವಳಿಗೆಂದೇ ಒಂದಿಷ್ಟು ಬಿಳಿಗೊಡೆ ತಂದಿದ್ದಳು. ಈರುಳ್ಳಿ, ಬೆಣ್ಣೆ, ಮೆಣಸಿನ ಪುಡಿ ಹಾಕಿ ಬಾಡಿಸಿದರೆ ಬಾಣಲೆಯ ತಳ ಮುಚ್ಚುವಷ್ಟಾಯಿತು. ದೊಡ್ಡಮ್ಮ ಮಗಳು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು. ಚಿನ್ನಿ ತನ್ನ ಪಾಲನ್ನೂ ಮಗಳ ಕಡೆಗೇ ಸರಿಸಿದಳು. ಬೇಡ ಬೇಡ ಎನ್ನುತ್ತಲೇ ಮಗಳು ತಟ್ಟೆಯನ್ನು ಬೆರಳಿನಿಂದ ಒರೆಸಿ ನೆಕ್ಕಿದ್ದಳು.

ರಸ್ತೆಯಿಂದ ಅಂಗಡಿಗೆ ಕಾಡಿನೊಳಗಿನ ಕಾಲುದಾರಿಯೇ ಹತ್ತಿರ. ದೊಡ್ಡ ಮರಗಳ ಕೆಳಗೆ ಆ ಹೊತ್ತಿನಲ್ಲೂ ಮಬ್ಬು, ಕಾಲಿಟ್ಟಲ್ಲೆಲ್ಲ ಒದ್ದೆ ಎಲೆ. ಆ ಮರಗಳಲ್ಲಿ ಕೆಲವಕ್ಕೆ ಅಪ್ಪ ಅಡ್ಡಹೆಸರು ಇಟ್ಟಿದ್ದ. ಬೆನ್ನು ಬಾಗಿದಂತೆ ರಸ್ತೆಯ ಕಡೆ ವಾಲಿದ್ದು ಗೂನಜ್ಜಿ, ಒಂದೇ ಬುಡದಿಂದ ಎರಡಾಗಿ ಎದ್ದದ್ದು ಜೋಡೆತ್ತು, ಒಳಗೆಲ್ಲ ಟೊಳ್ಳಾಗಿ ಗಾಳಿ ಬೀಸಿದರೂ ಸದ್ದು ಮಾಡದ ಭಾರಿ ಮರ ಮೂಗ. ಚಿನ್ನಿ ಆವತ್ತು ಹಾದುಹೋದದ್ದು ಸಿಡಿಲು ಬಡಿದು ಒಂದು ಪಕ್ಕ ಸುಟ್ಟಿದ್ದ ಮರದ ಕೆಳಗೆ. ಅಲ್ಲಿ ಬಿಳಿಯದೇನೋ ಕಂಡಿತು. ಬಗ್ಗಿ ನೋಡಿದರೆ ಅಣಬೆಯ ಕಾಂಡಗಳ ಮೋಟುಗಳು. ಮುರಿದ ಹಲ್ಲುಗಳ ಹಾಗೆ ಎಲೆಯ ನಡುವೆ ನಿಂತಿದ್ದವು. ಅಕ್ಕ ಬೆಳಗಾಗುತ್ತಲೇ ಬಂದು ಕೊಯ್ದುಕೊಂಡು ಹೋದದ್ದು; ಇವತ್ತು ಅಂಗಡಿಯ ಊಟಕ್ಕೆ ಅಣಬೆ ಎಂದು ಮಿಲ್ಲಿನವರಿಗೆಲ್ಲ ಹೇಳಿಯೂ ಆಗಿತ್ತು.

ಬುಡ ನೋಡಿರುತ್ತೇನೆ ಎಂದಿದ್ದಳಲ್ಲ ಅಕ್ಕ. ಯಾವ ಬುಡದ ಸುತ್ತಲೂ ಮಣ್ಣು ಕದಲಿರಲಿಲ್ಲ. ಎಲೆಯ ಮೇಲಿನ ಇಬ್ಬನಿ ಕೂಡ ಹಾಗೇ ಇತ್ತು.

ಚಿನ್ನಿ ಮಂಡಿಯೂರಿದಳು. ಎಷ್ಟೋ ವರ್ಷದ ಮೇಲೆ ಬೆರಳು ಮಣ್ಣಿಗಿಳಿಯಿತು, ಇಳಿಯುವುದನ್ನು ಮರೆತಿರಲಿಲ್ಲ. ಮೊದಲನೆಯದು ಇಲಿಬಾಲ. ಮುಂದಿನದೂ ಅಷ್ಟೇ. ಸುಮ್ಮನೆ ಹೆದರಿದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಾ, ಬೇರಿನ ಸಂದಿಯಲ್ಲಿದ್ದ ಇನ್ನೊಂದನ್ನು ಎತ್ತಿದಳು. ಅದು ಸಲೀಸಾಗಿ ಬರಲಿಲ್ಲ. ಬೆರಳಿಗೆ ಏನೋ ದುಂಡಗೆ, ಮೆತ್ತಗೆ ತಗಲಿತು. ಮಣ್ಣು ಒರೆಸಿದಳು. ಅಂಗೈ ಮೇಲೆ ಬಿಳಿ ಬಟ್ಟಲು ಕೂತಿತ್ತು.

ಅವಳು ಮೊದಲು ಯೋಚಿಸಿದ್ದು ಒಲೆಯ ಮೇಲಿನ ಪಾತ್ರೆಯನ್ನು; ಇನ್ನೂ ಹೆಚ್ಚಿಲ್ಲ, ಬುಟ್ಟಿ ಹಾಗೇ ಇದೆ ಎಂದು ನೆನಪಾಗಿ ಉಸಿರು ಬಂತು. ಆ ಉಸಿರು ಹೊರಗೆ ಹೋಗುವ ಮೊದಲೇ ನಿನ್ನೆಯ ತಟ್ಟೆ ನೆನಪಾಯಿತು, ಅದನ್ನು ಒರೆಸಿದ ಬೆರಳು ನೆನಪಾಯಿತು. ಅಷ್ಟು ದಪ್ಪ ಹೆಂಗಸು ಆ ಕಾಲುದಾರಿಯಲ್ಲಿ ಹಾಗೆ ಓಡಿದ್ದನ್ನು ಯಾರೂ ನೋಡಲಿಲ್ಲ, ನೋಡಿದ್ದರೆ ನಗುತ್ತಿದ್ದರು.

ಅಕ್ಕ ಕೋಣೆಯಲ್ಲಿ ಅಡ್ಡಾಗಿದ್ದಳು. ಗೋಡೆಗೆ ಅವಳ ಕೋಲು ಒರಗಿತ್ತು. ಊರಿಕೊಂಡು ನಡೆಯುವ ಕೋಲು ಎಂದೇ ಚಿನ್ನಿ ಇಷ್ಟು ದಿನ ತಿಳಿದಿದ್ದಳು. ತುದಿಗಳಿಗೆ ಸುತ್ತಿರುತ್ತಿದ್ದ ಬಟ್ಟೆ ಬಿಚ್ಚಿತ್ತು; ಈಗ ನೋಡಿದರೆ ಒಂದು ತುದಿಗೆ ತಂತಿ ಸುತ್ತಿ ಬಿಗಿದ ಚಾಕುವಿನ ಅಲಗು, ಇನ್ನೊಂದು ತುದಿಗೆ ತಲೆ ಕಿತ್ತ ಉದ್ದ ಮೊಳೆ. ನಿಂತಲ್ಲೇ ಕೊಯ್ಯುವುದು, ನಿಂತಲ್ಲೇ ಚುಚ್ಚಿ ಎತ್ತುವುದು. ಹಕ್ಕಿ ಯಾವುದೆಂದು ಗೊತ್ತಾಯಿತು.

ಚಿನ್ನಿ ಅಡುಗೆಮನೆಯ ಹಲಗೆಯ ಮೇಲೆ ಆ ಬುಡವನ್ನಿಟ್ಟು, "ಅಕ್ಕಾ, ಬಾ ಇಲ್ಲಿ," ಎಂದಳು. ಅಕ್ಕ ಗೋಡೆ ಹಿಡಿದು ಎದ್ದು ಬಂದಳು. ಹಲಗೆಯ ಮೇಲಿದ್ದುದನ್ನು ನೋಡಿದಳು, ತಂಗಿಯ ಮಣ್ಣಾದ ಮಂಡಿ ನೋಡಿದಳು. ಆಮೇಲೆ ತಾನೇ ಬುಟ್ಟಿಯನ್ನು ಎಳೆದುಕೊಂಡು ಒಂದೊಂದೇ ತಲೆಯನ್ನು ತೆಗೆದು ಆ ಮೋಟಿನ ಮೇಲೆ ಕೂರಿಸಿ ನೋಡತೊಡಗಿದಳು. ಕೆಲವು ದಪ್ಪ, ಕೆಲವು ಸಣ್ಣ, ಕೆಲವು ಓರೆ. ಬುಟ್ಟಿಯ ಮಧ್ಯದಲ್ಲಿದ್ದ ಒಂದು, ಎಲ್ಲಕ್ಕಿಂತ ಚೆಂದವಾಗಿದ್ದದ್ದು, ಕೊಯ್ದ ಗೆರೆಗೆ ಕೊಯ್ದ ಗೆರೆ ಸೇರಿ ಸರಿಯಾಗಿ ಕೂತಿತು.

"ನಾನೇ ಕೊಯ್ದಿದ್ದು," ಎಂದಳು ಅಕ್ಕ.

"ನಿನ್ನೆದು?"

"ನಿನ್ನೆದು ಬೇರೆ ಕಡೆ. ಗೂನಜ್ಜಿ ಹತ್ರ, ಜೋಡೆತ್ತಿನ ಹತ್ರ. ಅಲ್ಲಿ ಇದು ಯಾವತ್ತೂ ಎದ್ದಿಲ್ಲ. ಹೆದರ್ಬೇಡ, ನಿನ್ನೆದು ಸರಿ ಇತ್ತು."

"ಬುಡ ನೋಡಿದ್ಯಾ ಅಕ್ಕಾ?"

ಅಕ್ಕ ಮೋಟಿನ ಮೇಲೆ ಕೂತಿದ್ದ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

ಚಿನ್ನಿ ಫೋನು ತೆಗೆದು ಮಗಳಿಗೆ ಹಚ್ಚಿದಳು. ವ್ಯಾಪ್ತಿಯ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಬಸ್ಸು ಕಾಡು ದಾಟುವವರೆಗೂ ಹಾಗೆಯೇ, ಗೊತ್ತಿದ್ದದ್ದೇ. ಮತ್ತೆ ಹಚ್ಚಿದಳು, ಮತ್ತೆ ಅದೇ ದನಿ. ಇದ್ದಕ್ಕಿದ್ದಂತೆ ಅವಳಿಗೆ ಇನ್ನೊಂದು ಹೊಳೆಯಿತು.

"ಅಕ್ಕಾ, ನೀನೂ ತಿಂದಿದ್ದೀಯಲ್ಲೇ!"

"ನನ್ನ ವಿಷಯ ಬಿಡು."

"ಬಿಡೋದೇನು? ಬಿಟ್ಟು ಏನು ಮಾಡ್ಲಿ ನಾನು?" ಚಿನ್ನಿಗೆ ಅಳು ನುಗ್ಗಿ ಬಂತು. ಆ ಮನೆಯಲ್ಲಿ ನಿನ್ನೆ ತಿನ್ನದೆ ಉಳಿದವಳು ಅವಳೊಬ್ಬಳೇ. ಇಬ್ಬರಿಗೂ ಏನಾದರೂ ಆದರೆ ತಾನು ಯಾರಿಗೆ ಅಡುಗೆ ಮಾಡಲಿ, ಯಾರ ಮೇಲೆ ರೇಗಲಿ ಎಂಬ ಯೋಚನೆ ಬಂತು. ಮುಖ ಒರೆಸಿಕೊಂಡು ಬುಟ್ಟಿಯನ್ನು ಹಾಗೇ ಹಿತ್ತಿಲ ಗುಂಡಿಗೆ ಸುರಿದು ಬೂದಿ ಮುಚ್ಚಿದಳು. ಅಂಗಡಿಗೆ ಬೀಗ ಹಾಕಿದಳು. ಕಬ್ಬಿಣದ ಹಳೇ ಸೌಟೊಂದನ್ನು ಕೈಗೆತ್ತಿಕೊಂಡು, "ನಡಿ. ಫೋನು ಸಿಗೋವರೆಗೆ ನಿನ್ನೆದನ್ನ ಅಗೆದು ನೋಡೋಣ. ಎಲ್ಲೆಲ್ಲಿ ಕೊಯ್ದೆ, ನೆನಪಿದೆಯಾ?" ಎಂದಳು.

"ಒಂದೊಂದೂ," ಎಂದಳು ಅಕ್ಕ.

ಅದು ಜಂಬವಲ್ಲ. ಗೂನಜ್ಜಿಯ ಕೆಳಗೆ ಅಕ್ಕ ಕೋಲೂರಿಕೊಂಡು ನೆಟ್ಟಗೆ ನಿಂತು ಬೆರಳು ಮಾಡಿ ತೋರಿಸುತ್ತಾ ಹೋದಳು. ಆ ಬೇರಿನ ಎಡಕ್ಕೆ. ಆ ಕಲ್ಲಿನ ಹಿಂದೆ, ಎಲೆ ಸರಿಸು. ಅಲ್ಲ, ಇನ್ನೂ ಈಚೆಗೆ. ತೋರಿಸಿದಲ್ಲೆಲ್ಲ ಮೋಟು ಇತ್ತು. ಚಿನ್ನಿ ಒದ್ದೆ ನೆಲದಲ್ಲಿ ಮಂಡಿ ಎಳೆಯುತ್ತಾ ಸೌಟಿನಿಂದ ಸುತ್ತಲೂ ಬಿಡಿಸಿ, ಬೆರಳಿಳಿಸಿ ಎತ್ತಿ, ಮಣ್ಣು ಒರೆಸಿ ಅಕ್ಕನ ಮುಖದೆದುರು ಹಿಡಿಯುವಳು. ಇಲಿಬಾಲ. ಅಕ್ಕ ತಲೆಯಾಡಿಸುವಳು. ಚಿನ್ನಿ ಅದನ್ನು ಪಕ್ಕದ ಕಲ್ಲಿನ ಮೇಲಿಟ್ಟು ಮುಂದಕ್ಕೆ ತೆವಳುವಳು. ಒಂದೊಂದು ಬುಡ ಮೇಲೆ ಬರುವಾಗಲೂ ಇಬ್ಬರೂ ಉಸಿರು ಹಿಡಿಯುವರು.

ಗೂನಜ್ಜಿಯ ಕೆಳಗಿನವೆಲ್ಲ ಒಳ್ಳೆಯವು. ಜೋಡೆತ್ತಿನ ಕೆಳಗಿನವೂ ಒಳ್ಳೆಯವು. ಕೊನೆಯದನ್ನು ಕಲ್ಲಿನ ಮೇಲಿಡುವಾಗ ಚಿನ್ನಿಯ ಮೈ ಹಗುರಾಯಿತು. "ನೀನು ಹೇಳಿದ ಹಾಗೇ ಇದೆಯಲ್ಲಕ್ಕಾ," ಎಂದು ನಗಲು ನೋಡಿದಳು. ಅಕ್ಕ ನಗಲಿಲ್ಲ.

"ಇನ್ನೊಂದಿದೆ," ಎಂದಳು.

"ಎಲ್ಲಿ?"

"ಮೂಗನ ಹತ್ರ. ಬುಟ್ಟಿ ಖಾಲಿ ಖಾಲಿ ಕಾಣ್ತು. ಮಗು ನಾಳೆ ಹೊರಡುತ್ತೆ, ಇನ್ನೊಂದು ಸಿಗಲಿ ಅಂತ ಅಲ್ಲಿವರೆಗೂ ಹೋದೆ. ಒಂದೇ ಒಂದಿತ್ತು. ದೊಡ್ಡದು."

ಮೂಗನ ಹತ್ತಿರ ಹೋದರೆ ನೆಲವೇ ಇರಲಿಲ್ಲ. ರಾತ್ರಿ ಕಾಡುಹಂದಿಗಳು ಬಂದು ಬೇರಿನ ಸುತ್ತಲೂ ಮೂತಿಯಿಂದ ಉತ್ತುಹಾಕಿದ್ದವು. ಎಲೆ, ಮಣ್ಣು, ಬೇರಿನ ಸಿಪ್ಪೆ ಎಲ್ಲ ಕಲಸಿಹೋಗಿತ್ತು. ಚಿನ್ನಿ ಸೌಟು ಬಿಸಾಡಿ ಎರಡೂ ಕೈಯಿಂದ ಮಣ್ಣು ಕೆದಕಿದಳು. ಉಗುರಿಗೆ ಕಲ್ಲು ತಾಗಿ ರಕ್ತ ಬಂತು. ಬಿಳಿಯದೆಲ್ಲ ಎತ್ತಿ ನೋಡಿದಳು. ಬೇರಿನ ತುಂಡು, ಹುಳದ ಗೂಡು, ಏನೇನೋ. ಅಣಬೆಯ ಬುಡ ಸಿಗಲಿಲ್ಲ.

ಅವಳು ಮಣ್ಣಲ್ಲೇ ಕೂತು ತಲೆಯೆತ್ತಿ ಅಕ್ಕನನ್ನು ನೋಡಿದಳು. ಅಕ್ಕ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಒಳ್ಳೆಯದೇ ಆಗಿತ್ತು ಕಣೇ, ನಂಗೆ ಖಾತ್ರಿ ಇದೆ, ಎಂದಿದ್ದರೆ ಚಿನ್ನಿ ನಂಬುತ್ತಿದ್ದಳು. ಹುಟ್ಟಿದಾಗಿನಿಂದ ನಂಬಿದವಳು. ಹೇಳಿಬಿಡು ಅಕ್ಕಾ, ಸುಳ್ಳಾದರೂ ಹೇಳು, ಎಂದು ಒಳಗೊಳಗೇ ಬೇಡಿಕೊಂಡಳು. ಅಕ್ಕನ ತುಟಿ ಕದಲಿದ್ದನ್ನೂ ಕಂಡಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಮಗಳೇ. ಚಿನ್ನಿ ಗುಂಡಿ ಒತ್ತುವಷ್ಟರಲ್ಲಿ ಅಕ್ಕ ಕೈ ಚಾಚಿದಳು.

"ಕೊಡು ಇಲ್ಲಿ. ನಾನು ಹೇಳ್ಬೇಕು ಇದನ್ನ."

ಚಿನ್ನಿ ಎದ್ದು ಫೋನು ಕೊಟ್ಟು, ಪಕ್ಕದಲ್ಲೇ ಕಿವಿ ತಾಗಿಸಿ ನಿಂತಳು.

"ಏನಮ್ಮಾ, ಇಷ್ಟೊಂದು ಸಲ ಫೋನ್ ಮಾಡಿದ್ದೀಯಾ? ಈಗ ಬಸ್ಸಿಳಿದೆ. ಏನು ಬಿಟ್ಟು ಬಂದೆ ನಾನು?" ಮಗಳ ದನಿಯ ಹಿಂದೆ ಬಸ್ ನಿಲ್ದಾಣದ ಗದ್ದಲ.

"ಹೊಟ್ಟೆ ಹೇಗಿದೆ ಮಗಳೇ?" ಎಂದಳು ಅಕ್ಕ.

"ಹಸೀತಾ ಇದೆ ದೊಡ್ಡಮ್ಮ. ಯಾಕೆ?"

"ನಿನ್ನೆ ತಿಂದ್ವಲ್ಲ, ಅದರಲ್ಲಿ ಒಂದು ಯಾವುದು ಅಂತ ನಂಗೆ ಗೊತ್ತಿಲ್ಲ."

ಆ ಕಡೆಯಿಂದ ನಗು ಕೇಳಿತು. "ನಿಂಗೆ ಗೊತ್ತಿಲ್ದೇ ಇರೋ ಅಣಬೆನೂ ಇದೆಯಾ ಕಾಡಲ್ಲಿ?"

"ಇದೆ. ನಗ್ಬೇಡ, ಕೇಳು." ಅಕ್ಕ ಕಣ್ಣು ಮುಚ್ಚಿಕೊಂಡಳು. "ಬುಡ ನೋಡ್ಲಿಲ್ಲ ನಾನು. ಬಗ್ಗೋಕಾಗಲ್ಲ ನಂಗೆ. ನಿಂತ್ಕೊಂಡೇ ಕೊಯ್ದೆ, ನಿಂತ್ಕೊಂಡೇ ನಂಬ್ದೆ. ಬಟ್ಟಲುಬುಡ ಇದ್ದರೂ ಇರಬಹುದು. ನೀನು ಈಗ ಮನೆಗೆ ಹೋಗ್ಬೇಡ, ಕೆಲಸಕ್ಕೆ ಹೋಗ್ಬೇಡ. ಅಲ್ಲಿಂದ ಸೀದಾ ದೊಡ್ಡಾಸ್ಪತ್ರೆಗೆ ಹೋಗು. ವಿಷದ ಅಣಬೆ ತಿಂದಿರಬಹುದು ಅಂತ ಹೇಳು. ಚೆನ್ನಾಗಿದ್ದೀಯಲ್ಲ ಅಂತ ವಾಪಸ್ ಕಳಿಸೋಕೆ ಬಂದ್ರೆ ಜಗಳ ಮಾಡು. ನಾನೂ ನಿನ್ನಮ್ಮನೂ ಬರ್ತಾ ಇದ್ದೀವಿ."

ಮಗಳು ಸಣ್ಣ ದನಿಯಲ್ಲಿ, "ದೊಡ್ಡಮ್ಮ, ನೀನೂ ತಿಂದೆಯಲ್ಲ," ಎಂದಳು.

"ಅದಕ್ಕೇ ಬರ್ತಿರೋದು. ನಡಿ ನೀನು."

ಮಿಲ್ಲಿನಿಂದ ಹಲಗೆ ತುಂಬಿ ಹೊರಟಿದ್ದ ಲಾರಿಯಲ್ಲಿ ಇಬ್ಬರೂ ಪಟ್ಟಣಕ್ಕೆ ಹೋದರು. ಎತ್ತರದ ಮೆಟ್ಟಿಲು ಹತ್ತುವಾಗ ಅಕ್ಕ ಹಲ್ಲು ಕಚ್ಚಿದ್ದನ್ನು, ಕೂತ ಮೇಲೂ ಒಂದು ಪಕ್ಕಕ್ಕೇ ಭಾರ ಹಾಕಿದ್ದನ್ನು ಚಿನ್ನಿ ನೋಡಿದಳು. ದಾರಿಯುದ್ದಕ್ಕೂ ಅಕ್ಕನ ಕೈಯನ್ನು ತನ್ನ ಮಣ್ಣು ಹಿಡಿದ ಕೈಯಲ್ಲಿ ಹಿಡಿದೇ ಇದ್ದಳು. ಡ್ರೈವರು ಏನಮ್ಮಾ ಸಮಾಚಾರ ಎಂದು ಕೇಳಿದ. ಇವರ ಮುಖ ನೋಡಿ ಉತ್ತರಕ್ಕೆ ಕಾಯದೆ ಗಾಡಿ ಜೋರಾಗಿ ಬಿಟ್ಟ.

ಆಸ್ಪತ್ರೆಯಲ್ಲಿ ಮಗಳಿಗೆ ಆಗಲೇ ಮೂಗಿನಿಂದ ನಳಿಗೆ ಇಳಿಸಿ, ವಿಷ ಹೀರುವ ಇದ್ದಿಲ ಪುಡಿ ಕದಡಿದ ನೀರು ಹಾಕಿದ್ದರು. ಅದನ್ನು ಕೊಂಚ ಕಕ್ಕಿ ಬಾಯೆಲ್ಲ ಮಸಿಯಾಗಿತ್ತು. ಅಕ್ಕನಿಗೂ ಅದೇ ಆಯಿತು. ಅಕ್ಕಪಕ್ಕದ ಮಂಚಗಳ ಮೇಲೆ ಇಬ್ಬರಿಗೂ ಸಲೈನು ಹಾಕಿ, ಗಂಟೆಗಂಟೆಗೂ ಬಂದು ನಾಡಿ ಹಿಡಿದು, ರಕ್ತ ತೆಗೆದುಕೊಂಡು ಹೋದರು. ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಮಾತಾಡುವವಳು. "ಈಗ ಏನೂ ಹೇಳೋಕಾಗಲ್ಲ. ವಿಷ ಹೋಗಿದ್ರೆ ಲಿವರ್ ನಾಳೆ ಹೇಳುತ್ತೆ. ಬೇಗ ಬಂದಿದ್ದೀರಿ, ಅಷ್ಟು ಒಳ್ಳೇದು," ಎಂದಳು. ಚಿನ್ನಿ ಎರಡು ಮಂಚಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಳು. ಒಬ್ಬಳು ಮಗ್ಗುಲು ಬದಲಿಸಿದರೆ ಆ ಕಡೆ ತಿರುಗುವಳು, ಇನ್ನೊಬ್ಬಳು ಕೆಮ್ಮಿದರೆ ಈ ಕಡೆ. ಮಗಳು ಒಮ್ಮೆ, "ಅಮ್ಮ, ನಿನ್ನ ಕುತ್ತಿಗೆ ತಿರುಪು ಸಡಿಲ ಆಗುತ್ತೆ," ಎಂದು ನಗಿಸಲು ನೋಡಿದಳು. ಹೊಟ್ಟೆಯಲ್ಲಿ ಕೊಂಚ ಗುಡುಗುಟ್ಟಿದರೂ ಮೂವರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಇಡೀ ಹೊತ್ತು ಮಗಳನ್ನೇ ನೋಡುತ್ತಾ ಮಲಗಿದ್ದಳು, ರೆಪ್ಪೆ ಬಡಿದರೆ ಏನಾದರೂ ಆಗಿಬಿಡುತ್ತದೆ ಎನ್ನುವ ಹಾಗೆ.

ಮರುದಿನ ರಕ್ತದಲ್ಲಿ ಏನೂ ಕಾಣಲಿಲ್ಲ. ಡಾಕ್ಟರಮ್ಮ ನಂಬದೆ ಇನ್ನೊಂದು ದಿನ ಇಟ್ಟುಕೊಂಡಳು. ಆಮೇಲೂ ಏನಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ಮಂಚದ ಕಾಲಿಗೆ ಬಂದಿದ್ದ ಹೊತ್ತಿನಲ್ಲಿ ಅವಳು ಕಾಗದ ತಿರುವಿ ಹಾಕಿ, "ಇಬ್ಬರಿಗೂ ವಿಷ ಹತ್ತಿಲ್ಲ. ತಿಂದದ್ದು ಒಳ್ಳೇ ಅಣಬೆನೇ ಇರಬೇಕು. ಮನೆಗೆ ಹೋಗಬಹುದು," ಎಂದು ಮುಂದಿನ ಮಂಚಕ್ಕೆ ಹೊರಟುಹೋದಳು.

ಮಗಳು ಕಿರುಚಿ ಎದ್ದು ಅಮ್ಮನನ್ನು ಅಪ್ಪಿಕೊಂಡಳು. ಮುಖ ತೊಳೆದು ಬರುತ್ತೇನೆಂದು ಓಡಿದಳು. ಚಿನ್ನಿಗೆ ನಗುವೋ ಅಳುವೋ ತಿಳಿಯಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತಲೇ ಅಕ್ಕನ ಮಂಚಕ್ಕೆ ವಾಲಿ, "ಕೇಳಿದ್ಯಾ ಅಕ್ಕಾ? ಒಳ್ಳೇದೇ ಆಗಿತ್ತಂತೆ! ನೀನು ಹೇಳಿದ್ದೇ ಸರಿ. ನಾನೇ ಸುಮ್ಮನೆ ಊರೆಲ್ಲ ಒಂದು ಮಾಡಿದೆ," ಎಂದಳು.

ಅಕ್ಕ ಮೇಲ್ಛಾವಣಿ ನೋಡುತ್ತಿದ್ದಳು.

"ಒಳ್ಳೇದಾಗಿತ್ತು, ಹೌದು. ಆದ್ರೆ ನಂಗದು ಗೊತ್ತಿರ್ಲಿಲ್ಲ ಕಣೇ," ಎಂದಳು. "ಗೊತ್ತಿಲ್ದೇ ತಂದೆ. ಗೊತ್ತಿಲ್ದೇ ಅವಳ ಬಾಯಿಗಿಟ್ಟೆ. ಮರುದಿನ ಅದೇ ಕೋಲು ಹಿಡ್ಕೊಂಡು ಮತ್ತೆ ಹೋದೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಲು ಹೋದಳು. ಬೆನ್ನು ಒಪ್ಪಲಿಲ್ಲ. ಅರ್ಧಕ್ಕೆ ನಿಂತು, ಹಿಂದಕ್ಕೂ ಬರಲಾಗದೆ, ಮುಂದಕ್ಕೂ ಹೋಗಲಾಗದೆ, ಹಾಗೇ ಬಿಕ್ಕತೊಡಗಿದಳು. ಅಪ್ಪ ಸತ್ತಾಗ ಮನೆಯ ಎಲ್ಲರನ್ನೂ ಸಮಾಧಾನ ಮಾಡಿದವಳು ಹೀಗೆ ಬಿಕ್ಕಿ ಅತ್ತದ್ದನ್ನು ಚಿನ್ನಿ ಒಮ್ಮೆಯೂ ನೋಡಿರಲಿಲ್ಲ. ಚಿನ್ನಿ ಆ ಕಿರಿದಾದ ಮಂಚದ ಅಂಚಿಗೆ ಹೇಗೋ ಕೂತು, ಅಕ್ಕನ ಭುಜದ ಕೆಳಗೆ ಕೈ ಕೊಟ್ಟು ಮೆಲ್ಲಗೆ ತಿರುಗಿಸಿದಳು. ಬೆನ್ನಿನ ಮೇಲೆ ಅಂಗೈ ಇಟ್ಟಳು. ಕೆಳಬೆನ್ನು ಕಲ್ಲಿನಂತೆ ಗಟ್ಟಿಯಾಗಿತ್ತು.

"ಇದು ಯಾವಾಗಿಂದ ನೋಯ್ತಿದೆ ಅಕ್ಕಾ?"

"ಹೋದ ಮಳೆಗಾಲದಿಂದ."

"ಅಷ್ಟು ದಿನದಿಂದಾನಾ? ಒಂದು ಮಾತು ಹೇಳ್ಬಾರ್ದಿತ್ತಾ ನನ್ನ ಹತ್ರ?"

ಅಕ್ಕ ಗೋಡೆಗೆ ಮುಖ ಮಾಡಿಕೊಂಡೇ ಹೇಳಿದಳು.

"ನೀನು ಕೇಳ್ಬಾರ್ದಿತ್ತಾ ಚಿನ್ನೀ?"

ಚಿನ್ನಿ ಅಕ್ಕನ ಬೆನ್ನನ್ನು ತಿಕ್ಕುತ್ತಾ ಕೂತಳು, ಮಗಳು ಮುಖ ತೊಳೆದು ಬರುವವರೆಗೂ.